ಎಷ್ಟು ದಿನಕ್ಕೆ?

ಮೆಡಿಕಲಿನವನು ಕೇಳಿದ್ದು ಇಷ್ಟೇ. ತಲೆಯೂ ಎತ್ತಲಿಲ್ಲ. ಸೋಮವಾರದಿಂದ ಈ ಎರಡು ಶಬ್ದ ನನ್ನ ಕಿವಿಯೊಳಗೇ ಕೂತಿವೆ. ಶಾಮಿಯಾನದವನು ಹೀಗೆ ಕೇಳುತ್ತಾನೆ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವವನು ಹೀಗೆ ಕೇಳುತ್ತಾನೆ.

ಅಮ್ಮನ ಬಿಪಿ ಮಾತ್ರೆಗೆಂದು ಹೋಗಿದ್ದೆ. ನನ್ನ ಮುಂದೆ ಒಬ್ಬರು ಹೆಂಗಸು, ಪಕ್ಕದಲ್ಲಿ ಹೈಸ್ಕೂಲ್ ಯೂನಿಫಾರ್ಮಿನ ಮಗಳು. ಹೆಂಗಸು ಕೌಂಟರಿಗೆ ಬಗ್ಗಿ, "ಅದು... ಮುಂದೆ ಹಾಕುವ ಮಾತ್ರೆ ಬೇಕಿತ್ತು, ಬ್ರಹ್ಮಕಲಶಕ್ಕೆ" ಎಂದರು. ದೇವಸ್ಥಾನದ ಆ ಉತ್ಸವಕ್ಕೆ ಮುಟ್ಟು ಅಡ್ಡ ಬರಬಾರದಲ್ಲ. ಮಗಳ ಕಡೆ ಗಲ್ಲ ತಿರುಗಿಸಿ, "ಇವಳು ಕುಣಿತ ಭಜನೆಯಲ್ಲಿದ್ದಾಳೆ."

"ಎಷ್ಟು ದಿನಕ್ಕೆ?"

"ಎಂಟು ದಿನಕ್ಕೆ ಕೊಡಿ."

ದಿನಕ್ಕೆ ಮೂರರಂತೆ ಇಪ್ಪತ್ತನಾಲ್ಕು. ಎರಡು ಪಟ್ಟಿ ಹಾಗೇ ತೆಗೆದಿಟ್ಟ, ಮೂರನೆಯದರಿಂದ ನಾಲ್ಕನ್ನು ಕತ್ತರಿಯಲ್ಲಿ ಕತ್ತರಿಸಿದ. ಹುಡುಗಿ ಕೌಂಟರಿನ ಮೇಲಿದ್ದ ಕೆಮ್ಮಿನ ಮಿಠಾಯಿ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದಳು. ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. ಮಾತ್ರೆ ನುಂಗಬೇಕಾದವಳು ಅವಳು. ಅವಳ ಹತ್ತಿರ ಯಾರೂ ಏನೂ ಕೇಳಲಿಲ್ಲ.

"ಇದಕ್ಕೆ ಡಾಕ್ಟರ ಚೀಟಿ ಬೇಡ್ವಾ?" ಎಂದೆ ನಾನು. ಸ್ವಲ್ಪ ಜೋರಾಗಿಯೇ ಬಂತು.

"ಬ್ರಹ್ಮಕಲಶ ಅಲ್ವಾ ಅಕ್ಕ, ಈ ವಾರ ಇದೇ ಓಡುವುದು" ಎಂದು ನಕ್ಕ. ಒಳ್ಳೆಯ ಮನುಷ್ಯನೇ. ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದರೂ ಬಂದು ಶಟರ್ ಎತ್ತುತ್ತಾನೆ. ಹೆಂಗಸು ಮಾತ್ರ ನನ್ನ ಕಡೆ ತಿರುಗಿ, "ಹನ್ನೆರಡು ವರ್ಷಕ್ಕೊಮ್ಮೆ ಬರುವುದಲ್ವಾ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇದು ತಿಂಗಳಿಗೊಮ್ಮೆ ಬರುವುದು, ಅದು 12 ವರ್ಷಕ್ಕೊಮ್ಮೆ. ಯಾವುದು ಯಾವುದಕ್ಕೆ ದಾರಿ ಬಿಡಬೇಕು ಎಂಬ ಲೆಕ್ಕ ಅವರಿಗೆ ಸರಿಯಾಗಿಯೇ ಇತ್ತು.

ನನ್ನ ಸರದಿ ಬಂದಾಗ ಅಮ್ಮನ ಮಾತ್ರೆಯ ಜೊತೆ ಒಂದು ಪ್ಯಾಕೆಟ್ ಪ್ಯಾಡ್ ಕೇಳಿದೆ, ಬೆಳಿಗ್ಗೆಯಷ್ಟೇ ಶುರುವಾಗಿತ್ತು. ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಕಪ್ಪು ತೊಟ್ಟೆಗೆ ಹಾಕಿ, ಬಾಯಿಗೆ ಗಂಟು ಬಿಗಿದು ಕೊಟ್ಟ. ಆ ಇಪ್ಪತ್ತನಾಲ್ಕು ಮಾತ್ರೆ ಹೋದದ್ದು ಒಂದು ಕಾಗದದ ಚೂರೂ ಇಲ್ಲದೆ, ಬರಿ ಕೈಯಲ್ಲಿ.

ಮಾತ್ರೆಯ ಹೆಸರು ನೋರೆಥಿಸ್ಟೆರೋನ್. ಪ್ರೊಜೆಸ್ಟೆರೋನ್ ಹಾಗೆ ಕೆಲಸ ಮಾಡುವ ಹಾರ್ಮೋನು. ತೆಗೆದುಕೊಳ್ಳುವಷ್ಟು ದಿನ ಗರ್ಭಕೋಶದ ಒಳಪದರ ಕಳಚದ ಹಾಗೆ ಹಿಡಿದಿಡುತ್ತದೆ, ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರು, ಲಿವರ್ ಕಾಯಿಲೆಯವರು ತೆಗೆದುಕೊಳ್ಳಬಾರದು. ಮೈಗ್ರೇನ್ ಉಂಟಾ, ಬೇರೆ ಮದ್ದು ನಡೀತಾ ಉಂಟಾ, ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ ಎಂದೆಲ್ಲ ಕೇಳಬೇಕಾದ ಜಾಗದಲ್ಲಿ ಕೇಳಿದ್ದು ಎಷ್ಟು ದಿನಕ್ಕೆ ಎಂದು.

ನಾನೂ ನುಂಗಿದ್ದೇನೆ, ಅಕ್ಕನ ಮದುವೆಗೆ. ತಂದುಕೊಟ್ಟದ್ದು ಅಜ್ಜಿ. ಮದುವೆ ಪೂರ್ತಿ ತಲೆ ಭಾರ, ಹೊಟ್ಟೆ ತೊಳಸುವುದು. ಮುಗಿದ ಮೂರನೆಯ ದಿನ ಶುರುವಾಗಿ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಅಜ್ಜಿಯ ಮೇಲೆ ಬಹಳ ವರ್ಷ ಸಿಟ್ಟಿತ್ತು. ಆಮೇಲೆ ಯಾವಾಗಲೋ ಅಮ್ಮ ಹೇಳಿದಳು, ಅಜ್ಜಿ ತನ್ನ ಒಬ್ಬನೇ ತಮ್ಮನ ಮದುವೆಯ ದಿನ ಹಟ್ಟಿಯ ಪಕ್ಕದ ಕೋಣೆಯಲ್ಲಿ ಕೂತು ವಾಲಗ ಕೇಳಿದವಳಂತೆ. ಊಟದ ಎಲೆಯನ್ನು ಯಾರೋ ಹೊಸಿಲಿನಾಚೆ ಇಟ್ಟು ಹೋದರಂತೆ. ಅವಳಿಗೆ ಆ ಮಾತ್ರೆ ಕಂಡದ್ದು ಬಿಡುಗಡೆಯಾಗಿ. ನನಗಾದರೂ ಕೂರುವುದು ತಪ್ಪಲಿ ಎಂದು ತಂದದ್ದು. ಮೆಡಿಕಲಿನಲ್ಲಿ ಸಿಕ್ಕ ಹೆಂಗಸೂ ಹಾಗೆಯೇ ಇರಬೇಕು. ಅವರನ್ನು ಬೈದುಕೊಳ್ಳುತ್ತಲೇ ಮನೆಗೆ ಬಂದೆ. ಈಗ ಅಷ್ಟು ಸುಲಭಕ್ಕೆ ಬಾಯಿ ಬರುವುದಿಲ್ಲ.

ಮರುದಿನ ಕೆಡ್ಡಸ. ತುಳುನಾಡಿನವರಿಗೆ ಹೇಳಬೇಕಾದ್ದಿಲ್ಲ, ಫೆಬ್ರವರಿಯ ಈ ಮೂರು ದಿನ ಭೂಮಿ ಹೊರಗಾಗುತ್ತಾಳೆ. ನೆಲ ಅಗೆಯುವ ಹಾಗಿಲ್ಲ, ಹಸಿ ಗಿಡ ಕಡಿಯುವ ಹಾಗಿಲ್ಲ. ತೋಟದ ಬದಿ ಸಮ ಮಾಡಲು ಬೆಳಿಗ್ಗೆ ಜೆಸಿಬಿ ಬಂದಿತ್ತು. ಅಮ್ಮ ಅಂಗಳಕ್ಕೇ ಓಡಿ ನಿಲ್ಲಿಸಿದಳು. "ಈಗ ಅವಳಿಗೆ ನೋವು ಮಾಡ್ಲಿಕ್ಕಿಲ್ಲ. ಹೋಗಿ ಬಾ." ಜೆಸಿಬಿಯವನು ಎಷ್ಟು ದಿನಕ್ಕೆ ಎಂದು ಕೇಳಲಿಲ್ಲ. ಕೆಡ್ಡಸ ಎಂದ ಕೂಡಲೇ ಗಾಡಿ ತಿರುಗಿಸಿದ. ಅಲ್ಲಿ ಮುಂದೆ ಹೋದದ್ದು ಕೆಲಸ.

ಕಡೆಯ ದಿನ ಅಮ್ಮ ತುಳಸಿಕಟ್ಟೆಯ ಹತ್ತಿರ ನೆಲ ಸಾರಿಸಿ ಬಾಳೆಲೆ ಹಾಕಿದಳು. ಎಣ್ಣೆ, ಸೀಗೆಪುಡಿ, ಅರಸಿನ, ಕುಂಕುಮ, ಒಂದು ಬಾಚಣಿಗೆ, ಅಂಗೈಯಗಲದ ಕನ್ನಡಿ. ಭೂಮಿ ತಲೆಗೆ ಸ್ನಾನ ಮಾಡಿ ಮುಖ ನೋಡಿಕೊಳ್ಳಬೇಕಲ್ಲ. ನೆಲಕ್ಕೆ ಎಣ್ಣೆ ಬಿಡುವಾಗ ಅಮ್ಮನ ಕೈ ಎಷ್ಟು ಮೆತ್ತಗಾಗುತ್ತದೆ ಎಂದರೆ, ನಮ್ಮ ತಲೆಗೆ ಎಂದಾದರೂ ಹಾಗೆ ಹಚ್ಚಿದ್ದು ನನಗೆ ನೆನಪಿಲ್ಲ. ಕೇರಳದ ಚೆಂಗನ್ನೂರಿನಲ್ಲಿಯೂ ದೇವಿ ಮುಟ್ಟಾದಳೆಂದು ಗುಡಿ ಮುಚ್ಚಿ, ನಾಲ್ಕನೆಯ ದಿನ ಮೆರವಣಿಗೆಯಲ್ಲಿ ನದಿ ಸ್ನಾನಕ್ಕೆ ಕರೆದೊಯ್ಯುತ್ತಾರೆ.

ತಡೆಯಲಾಗದೆ ಕೇಳಿಯೇ ಬಿಟ್ಟೆ. "ಅವಳಿಗೆ ಎಣ್ಣೆ, ಬಾಚಣಿಗೆ. ನಾವಾದರೆ ಯಾಕಮ್ಮ ಚಾವಡಿ ಮೂಲೆಯ ಚಾಪೆ?"

ಅಮ್ಮ ಕನ್ನಡಿ ಒರೆಸುತ್ತಲೇ, "ಭೂಮಿಯನ್ನು ಹೊರಗೆ ಕೂರಿಸ್ಲಿಕ್ಕೆ ಆಗ್ತದಾ ಮಾರಾಯ್ತಿ? ಅವಳು ಇರುವುದೇ ಹೊರಗೆ" ಎಂದಳು. ನನಗೆ ನಗು ಬಂತು. ಅವಳೂ ನಕ್ಕಳು. ಮತ್ತೆ ನನ್ನ ಕಡೆ ನೋಡಿ, "ನೀನು ಸ್ವಲ್ಪ ಈಚೆ ನಿಲ್ಲು" ಎಂದಳು.

ಶನಿವಾರ ಬ್ರಹ್ಮಕಲಶಕ್ಕೆ ನಾನೂ ಹೋದೆ. ದೇವಸ್ಥಾನದ ಎದುರಿನ ಗದ್ದೆಯಲ್ಲಿ ದೀಪದ ಸುತ್ತ ಕುಣಿತ ಭಜನೆ. ಎರಡನೆಯ ಸಾಲಿನಲ್ಲಿ ಆ ಹುಡುಗಿ, ಕೈಯಲ್ಲಿ ತಾಳ, ಸೊಂಟಕ್ಕೆ ಕೇಸರಿ ಶಾಲು. ಚೆಂದ ಕುಣಿಯುತ್ತಾಳೆ, ಅದನ್ನು ಹೇಳಲೇಬೇಕು. ಅವಳಮ್ಮ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದವರು ನನ್ನ ಗುರುತು ಹಿಡಿದು ತಲೆಯಾಡಿಸಿದರು. ನಾನೂ ಆಡಿಸಿದೆ. ಪದ ಮುಗಿದು ಉಳಿದವರು ನೀರಿಗೆ ಓಡಿದಾಗ ಅವಳು ಗದ್ದೆಯ ಬದುವಿನ ಮೇಲೆ ಕೂತು ಎರಡೂ ಕೈಯಿಂದ ಹಣೆ ಒತ್ತಿಕೊಂಡಳು. ಬಿಸಿಲಿಗೂ ಇರಬಹುದು.

ಕಾಲು ತೊಳೆಯುವ ನಳ್ಳಿಯ ಹತ್ತಿರ ನಿಂತು ಬೆರಳು ಮಡಚಿದೆ. ಸೋಮ, ಮಂಗಳ, ಬುಧ, ಗುರು, ಶುಕ್ರ. ಐದು ಆಯಿತು. ಒಳಗೆ ಹೋದೆ.