ಕೊಡಚಾದ್ರಿ, ಮಂಜು, ಹನ್ನೊಂದು ಇಂಬಳ

20 ಅಕ್ಟೋಬರ್ 2024, ಭಾನುವಾರ

ಅಡಿಕೆ ಕೊನೆ ಕೊಯ್ಲು ಜೋರಾದರೆ ಭಾವನಿಗೆ ಪುರುಸೊತ್ತಿರುವುದಿಲ್ಲ. ಹಾಗಾಗಿ ಇವತ್ತೇ ಕೊಡಚಾದ್ರಿ ಬೆಟ್ಟಕ್ಕೆ ಹೊರಟೆವು. ಜೀಪಲ್ಲಿ ಹೋಗೋಣ ಅಂದೆ. "ಸೊಂಟ ಉಳಿಬೇಕಾದ್ರೆ ನಡಿ ಮಾರಾಯ" ಅಂದರು. ನಿಟ್ಟೂರು ದಾಟಿ ಬೈಕ್ ನಿಲ್ಲಿಸಿ, ಹಿಡ್ಲುಮನೆ ಫಾಲ್ಸ್ ಕಡೆಯ ದಾರಿ ಹಿಡಿದಾಗ ಏಳೂವರೆ.

ಕಾಡು ಹೊಕ್ಕರೆ ಮುಗಿಯಿತು, ಹತ್ತು ಮಾರು ಆಚೆ ಏನೂ ಕಾಣುವುದಿಲ್ಲ. ಜೀರುಂಡೆ ಗದ್ದಲ, ತಲೆ ಮೇಲೆ ತೊಟ್ಟಿಕ್ಕುವ ನೀರು, ಅಷ್ಟೇ. ಎಲ್ಲೋ ಮೇಲಿಂದ ಕಚ್ಚಿ ಬಿಟ್ಟ ಕಾಯಿ ಬಿತ್ತು. ಕೆಂದಳಿಲು ಅಂದರು ಭಾವ. ನನಗೆ ಬಾಲವೂ ಕಾಣಲಿಲ್ಲ.

ಕಂಡದ್ದು ಇಂಬಳ, ಅದೇ ಕಾಡಿನ ಜಿಗಣೆ. ಒಣಗಿದ ಎಲೆಯ ತುದಿಯಲ್ಲಿ ದಾರದಷ್ಟು ತೆಳ್ಳಗೆ ಎದ್ದು ನಿಂತು, ಗಾಳಿಯಲ್ಲಿ ತಲೆ ಆಡಿಸುತ್ತಾ ನಮ್ಮನ್ನೇ ಹುಡುಕುತ್ತಿತ್ತು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಅಲ್ವಾ? ಸಾಕ್ಸ್ ಕೆಳಗೆ ಸರಿಸಿದರೆ ಉಂಡು ದ್ರಾಕ್ಷಿಯಂತಾಗಿತ್ತು. ಭಾವ ಎಲೆಯಡಿಕೆ ಸಂಚಿಯಿಂದ ಸುಣ್ಣ ತೆಗೆದು ಮುಟ್ಟಿಸಿದರು. ಉದುರಿತು. ರಕ್ತ ಮಾತ್ರ ಅರ್ಧ ಗಂಟೆ ನಿಲ್ಲಲಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆಯಲ್ಲ, ಅದರ ಕೆಲಸ.

ಫಾಲ್ಸ್ ಹತ್ತಿರ ಬಂಡೆ ಜಾರಿ ಒಮ್ಮೆ ಕೂತೆ. ಅದನ್ನು ಜಾಸ್ತಿ ಬರೆಯುವುದಿಲ್ಲ.

ಕಾಡು ಮುಗಿದು ಹುಲ್ಲುಗುಡ್ಡ ಶುರುವಾದಾಗ ಇನ್ನೇನು ಬಯಲು ಕಂಡಿತು ಅಂದುಕೊಂಡೆ. ಅಲ್ಲಿ ಮಂಜು ಕಾದಿತ್ತು! ಮೂಲ ಮೂಕಾಂಬಿಕೆ ದೇವಸ್ಥಾನದ ಮುಂದಿನ ಕಬ್ಬಿಣದ ಕಂಬ ಅರ್ಧ ಮಾತ್ರ ಕಂಡಿತು, ಮೇಲರ್ಧ ಬಿಳಿ. ಕೈಕಾಲು ತೊಳೆದು ಕೈಮುಗಿದು, ಬುತ್ತಿ ಬಿಚ್ಚಿದೆವು. ಅಕ್ಕ ಕಟ್ಟಿಕೊಟ್ಟ ಅವಲಕ್ಕಿ ಅಷ್ಟು ರುಚಿ ಅಂತ ಮನೆಯಲ್ಲಿ ಯಾವತ್ತೂ ಅನಿಸಿರಲಿಲ್ಲ.

ಸರ್ವಜ್ಞ ಪೀಠದವರೆಗೂ ಹೋದೆವು. 1,343 ಮೀಟರ್ ಎತ್ತರ. ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಸಮುದ್ರದವರೆಗೂ ಕಾಣುವ ಜಾಗ. ಶಂಕರಾಚಾರ್ಯರು ತಪಸ್ಸು ಮಾಡಿದ್ದರೆಂಬ ಪ್ರತೀತಿಯ ಆ ಪುಟ್ಟ ಕಲ್ಲು ಮಂಟಪ ಹತ್ತಿರ ಹೋಗುವವರೆಗೂ ಕಾಣಲಿಲ್ಲ. ಒಳಗೆ ಕೂತು ಮುಕ್ಕಾಲು ಗಂಟೆ ಕಾದೆವು. ಒಮ್ಮೆ ಮಂಜು ಸೀಳಿ ಕೆಳಗೆ ಕಡುಹಸಿರು ಶೋಲಾ ಕಾಡಿನ ತುಣುಕು ಕಂಡಿತು. ಮೊಬೈಲ್ ತೆಗೆಯುವಷ್ಟರಲ್ಲಿ ಮುಚ್ಚಿತು.

ಸಂಜೆ ಅಂಗಳದಲ್ಲೇ ಅಕ್ಕ ತಡೆದಳು. "ಸಮುದ್ರ ಕಂಡ್ತನಾ?"

"ಪಕ್ಕದಲ್ಲಿದ್ದ ಇವನೇ ಕಾಣ್ಲಿಲ್ಲ" ಅಂದರು ಭಾವ.

ಬಚ್ಚಲಲ್ಲಿ ಎಣಿಸಿದೆ. ನನಗೆ ಹನ್ನೊಂದು, ಭಾವನಿಗೆ ಎರಡೇ.