ಯುದ್ಧಕಾಲದಲ್ಲಿ ಹಾಡುವ ಹುಡುಗಿಯರ ಕಥೆ ಪ್ರಚಾರವೇ?

‘ಲುಮಿನಸ್ ವಿಚಸ್’ ನನ್ನ ಮೆಚ್ಚಿನ ಅನಿಮೆಗಳಲ್ಲೊಂದು (ಅನಿಮೆ ಎಂದರೆ ಜಪಾನಿ ಅನಿಮೇಷನ್) ಎಂದ ಕೂಡಲೇ ಎದುರಿಗಿದ್ದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಹುಡುಗಿಯರ ಕೈಯಲ್ಲಿ ಹಾಡಿಸಿ ಯುದ್ಧಕ್ಕೆ ಹುರುಪು ತುಂಬುವ ಕಥೆ ಪ್ರಚಾರವಲ್ಲದೆ ಮತ್ತೇನು? ಹಾಡುಗಳ ಮಟ್ಟಿಗೆ ಆ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಕಥೆ ನಡೆಯುವ ಲೋಕದ ಮಟ್ಟಿಗೆ ಒಪ್ಪದೆ ವಿಧಿಯಿಲ್ಲ.

ಶಾಫ್ಟ್ ಸ್ಟುಡಿಯೊ 2022ರಲ್ಲಿ ತಯಾರಿಸಿದ ಹನ್ನೆರಡು ಕಂತುಗಳ ಈ ಸರಣಿ ‘ಸ್ಟ್ರೈಕ್ ವಿಚಸ್’ ಎಂಬ ಹಿಂದಿನ ಅನಿಮೆಯ ಕಾಲ್ಪನಿಕ ಲೋಕಕ್ಕೆ ಸೇರಿದ್ದು. 1940ರ ದಶಕದ ಯುರೋಪಿನ ಮೇಲೆ ನ್ಯೂರಾಯ್ ಎಂಬ ಶತ್ರುಗಳು ಎರಗಿವೆ. ಕಾಲಿಗೆ ಎಂಜಿನ್ ತೊಟ್ಟು ಹಾರುವ ಮಾಟಗಾತಿಯರು ಅವುಗಳೊಡನೆ ಸೆಣಸುತ್ತಾರೆ. ಆದರೆ ಇಲ್ಲಿನ ಒಂಬತ್ತು ಮಂದಿಗೆ ಸೆಣಸುವ ಕೆಲಸವಿಲ್ಲ, ಊರೂರು ಸುತ್ತಿ ಹಾಡುವುದೇ ಅವರ ಡ್ಯೂಟಿ.

ಯುದ್ಧಕಾಲದ ಹಾಡೆಂದರೆ ‘ನುಗ್ಗು, ಕೊಲ್ಲು’ ಎನ್ನುವ ಹಾಡೆಂದೇ ನಾವು ಭಾವಿಸುತ್ತೇವೆ. ಆದರೆ ಎರಡನೇ ಮಹಾಯುದ್ಧದಲ್ಲಿ ಸೈನಿಕರ ನಾಲಿಗೆಯ ಮೇಲೆ ಉಳಿದದ್ದು ಬೇರೆಯೇ. ಜರ್ಮನ್ ಗಾಯಕಿ ಲಾಲೆ ಆಂಡರ್ಸನ್ 1939ರಲ್ಲಿ ಹಾಡಿದ ‘ಲಿಲಿ ಮಾರ್ಲೀನ್’, ಕಾವಲಿನವನೊಬ್ಬ ದೀಪದ ಕಂಬದ ಕೆಳಗೆ ತನ್ನ ಹುಡುಗಿಯನ್ನು ನೆನೆಯುವ ಹಾಡು. 1941ರಿಂದ ಜರ್ಮನರ ವಶದಲ್ಲಿದ್ದ ಬೆಲ್‌ಗ್ರೇಡ್ ರೇಡಿಯೊ ಅದನ್ನು ರಾತ್ರಿ ಹೊತ್ತು ಬಿತ್ತರಿಸುತ್ತಿದ್ದಾಗ, ಉತ್ತರ ಆಫ್ರಿಕದ ಮರಳಿನಲ್ಲಿ ಜರ್ಮನರಷ್ಟೇ ಆಸೆಯಿಂದ ಬ್ರಿಟಿಷ್ ಸೈನಿಕರೂ ಕಿವಿಗೊಡುತ್ತಿದ್ದರು. ಬ್ರಿಟಿಷ್ ಗಾಯಕಿ ವೆರಾ ಲಿನ್ ಹಾಡುಗಳು ಸೈನಿಕರನ್ನು ಮೆತ್ತಗಾಗಿಸುತ್ತವೆ ಎಂದು ಬ್ರಿಟನ್ನಿನಲ್ಲೇ ಕೆಲವರು ಗೊಣಗಿದ್ದುಂಟು. ಆಕೆ 1944ರಲ್ಲಿ ಬರ್ಮಾದ ಯುದ್ಧರಂಗಕ್ಕೆ ಹೋದಾಗ ಪುಟ್ಟ ಪಿಯಾನೊ ಒಂದು ಲಾರಿಯ ಹಿಂಭಾಗದಲ್ಲಿ ಕುಲುಕುತ್ತ ಜೊತೆಗೆ ಸಾಗಿತು. ಅಲ್ಲಿನ ಸೆಕೆಗೆ ಅದರ ಶ್ರುತಿ ಎಷ್ಟು ನಿಂತಿತ್ತೋ! ಈ ಸರಣಿಯ ಹಾಡುಗಳೂ ಅದೇ ವಂಶದವು. ಗೆಲುವಿಗಿಂತ ಮನೆಯ ನೆನಪೇ ಅವುಗಳಲ್ಲಿ ಹೆಚ್ಚು.

ನನ್ನ ತಕರಾರು ಇರುವುದು ಭೂಪಟದ ಬಗ್ಗೆ. ಜಪಾನನ್ನು ಹೋಲುವ ಫುಸೋ, ಜರ್ಮನಿಯನ್ನು ಹೋಲುವ ಕಾರ್ಲ್ಸ್‌ಲಾಂಡ್, ಬ್ರಿಟನ್ನನ್ನು ಹೋಲುವ ಬ್ರಿಟಾನಿಯಾ ಎಲ್ಲವೂ ಇಲ್ಲಿ ಒಂದೇ ಪಕ್ಷದಲ್ಲಿವೆ. ಶತ್ರುವಿಗೆ ಮುಖವೂ ಇಲ್ಲ, ಊರೂ ಇಲ್ಲ. ಹೀಗಾಗಿ ಹಾಡಿದವರು ಯಾರ ಸೇನೆಗಾಗಿ ಹಾಡಿದರು ಎಂಬ ಪ್ರಶ್ನೆಯೇ ಏಳುವುದಿಲ್ಲ. ನಿಜವಾದ ಇತಿಹಾಸದಲ್ಲಿ ಅದು ಎದ್ದಿತ್ತು. ಈಶಾನ್ಯ ಚೀನಾದ ಮಂಚೂರಿಯದಲ್ಲಿ ಹುಟ್ಟಿದ ಜಪಾನಿ ಹುಡುಗಿ ಯೊಶಿಕೊ ಯಮಾಗುಚಿ, ಲಿ ಶಿಯಾಂಗ್‌ಲಾನ್ ಎಂಬ ಹೆಸರಿನಲ್ಲಿ ಚೀನೀ ತಾರೆಯೆಂದೇ ಬಿಂಬಿತಳಾಗಿ, ಜಪಾನ್ ಚೀನಾವನ್ನು ಆಕ್ರಮಿಸಿದ್ದ ವರ್ಷಗಳಲ್ಲಿ ಅದರ ಪರವಾದ ಚಿತ್ರಗಳಲ್ಲಿ ನಟಿಸಿ ಹಾಡಿದಳು. 1945ರಲ್ಲಿ ಯುದ್ಧ ಮುಗಿದ ಮೇಲೆ ಶಾಂಘೈಯಲ್ಲಿ ಅವಳ ಮೇಲೆ ದೇಶದ್ರೋಹದ ಆರೋಪ ಬಂತು. ಅವಳು ಚೀನೀ ಅಲ್ಲ, ಜಪಾನಿ ಎಂದು ಸಾಬೀತುಪಡಿಸಿದ ಕುಟುಂಬ ದಾಖಲೆಯ ಪ್ರತಿ ಗೊಂಬೆಯೊಂದರೊಳಗೆ ಅಡಗಿ ಬಂದಿತ್ತು. ಅದರ ಬಲದಿಂದ ಅವಳು ಪಾರಾದಳು. ಲುಮಿನಸ್ ತಂಡದ ಯಾವ ಹುಡುಗಿಗೂ ಅಂಥ ಗೊಂಬೆ ಬೇಕಾಗುವುದಿಲ್ಲ.