ಮೊದಲು ಮೂರನೆಯ ತೂತನ್ನು ನೋಡಿ

ಶಿರಸಿಯ ಪೇಟೆಯಲ್ಲಿ ಸಿಕ್ಕರೂ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತರೂ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಮನೆಯಲ್ಲೇ ಕೂತು ಕೆಲಸ ಮಾಡಬೇಕೆಂದಿದ್ದೇನೆ, ಯಾವ ಕಂಪ್ಯೂಟರ್ ಕೊಳ್ಳಲಿ?” ಹಳ್ಳಿಯ ಮನೆಯ ಜಗಲಿಗೆ ತಾಗಿದ ಕೋಣೆಯಲ್ಲಿ ಹದಿನೈದು ವರ್ಷಗಳಿಂದ ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುತ್ತಿದ್ದೇನೆ, ಕರಡು ತಿದ್ದುತ್ತಿದ್ದೇನೆ. ಹಾಗಾಗಿ ಉತ್ತರ ನನ್ನ ಬಳಿ ಇದ್ದೀತು ಎಂಬ ನಂಬಿಕೆ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಮರಳಿದವರು ಕೇಳತೊಡಗಿದ ಪ್ರಶ್ನೆ ಇನ್ನೂ ನಿಂತಿಲ್ಲ.

ನನ್ನ ಉತ್ತರ: ಕಂಪ್ಯೂಟರನ್ನು ಕಟ್ಟಕಡೆಗೆ ಕೊಳ್ಳಿ. ಮೊದಲು ಕೋಣೆಯ ಗೋಡೆಯಲ್ಲಿರುವ ಪ್ಲಗ್ ಪಾಯಿಂಟ್ ನೋಡಿ. ಅದರ ಮೂರು ತೂತುಗಳಲ್ಲಿ ಮೇಲಿನ ದೊಡ್ಡ ತೂತಿನ ಹಿಂದೆ ನಿಜವಾಗಿಯೂ ತಂತಿ ಇದೆಯೇ, ಆ ತಂತಿ ಮಣ್ಣಿನವರೆಗೂ ಹೋಗಿದೆಯೇ ಎಂದು ತಿಳಿದುಕೊಳ್ಳಿ. ಸೋರಿದ ಕರೆಂಟನ್ನು ಮಣ್ಣಿಗಿಳಿಸುವ ಈ ದಾರಿಯೇ ಅರ್ಥಿಂಗ್. ನಮ್ಮ ಸುತ್ತಿನ ಮನೆಗಳಲ್ಲಿ ಹಾಳಾದ ಎಷ್ಟೋ ಕಂಪ್ಯೂಟರುಗಳನ್ನು ನೋಡಿದ್ದೇನೆ. ಪ್ರೊಸೆಸರ್ ಸಾಲದೆ ಮೂಲೆ ಸೇರಿದ್ದು ಅವುಗಳಲ್ಲಿ ಒಂದೂ ಇಲ್ಲ. ಸಿಡಿಲು, ಅರ್ಥಿಂಗ್ ಇಲ್ಲದ ವೈರಿಂಗ್, ಥಂಡಿ, ಇರುವೆ ಇವೇ ಅವನ್ನು ತಿಂದವು.

ಆ ತೂತಿಗೆ ಹೋಗುವ ಪ್ಲಗ್ಗಿನ ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ. ಒಳಹೋಗುವಾಗ ಅದು ಮೊದಲು ತಾಗಬೇಕು, ಹೊರಬರುವಾಗ ಕೊನೆಗೆ ಬಿಡಬೇಕು ಎಂದೇ ಹಾಗೆ ಮಾಡಿದ್ದಾರೆ. ನಮ್ಮ ಹಳೆಯ ಮನೆಗಳಲ್ಲಿ ತೊಲೆಗುಂಟ ಮರದ ಪಟ್ಟಿಯ ಮೇಲೆ ಬಂದ ವೈರಿಂಗ್‌ನಲ್ಲಿ ಎಷ್ಟೋ ಕಡೆ ಎರಡೇ ತಂತಿ. ಮೂರನೆಯ ತೂತು ಬರೀ ತೂತು. ಕಂಪ್ಯೂಟರಿನ ಲೋಹದ ಮೈಗೆ ಬೆರಳು ಸವರಿದಾಗ ಜುಮ್ಮೆನ್ನುತ್ತದೆಯಲ್ಲ, ಅದು ಇದರದೇ ಸೂಚನೆ. ಪವರ್ ಸಪ್ಲೈ ಒಳಗಿನ ಫಿಲ್ಟರಿನಿಂದ ಸೋರುವ ಅತ್ಯಲ್ಪ ಕರೆಂಟು ಮಣ್ಣಿಗೆ ಹೋಗಲು ದಾರಿಯಿಲ್ಲದೆ ಪೆಟ್ಟಿಗೆಯ ಮೈಮೇಲೆ ಕಾದಿರುತ್ತದೆ. “ಚಪ್ಪಲಿ ಹಾಕಿಕೊಂಡು ಮುಟ್ಟಿದರೆ ಏನೂ ಆಗುವುದಿಲ್ಲ” ಎನ್ನುವವರ ಮನೆಯಲ್ಲಿ ಮಕ್ಕಳೂ ಆ ಮೇಜಿನ ಹತ್ತಿರ ಓಡಾಡುತ್ತಾರೆ ಎಂಬುದನ್ನು ನೆನಪಿಸಬೇಕಾಗುತ್ತದೆ.

ಪರೀಕ್ಷೆಯನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಕರೆಂಟು ಬರುವ ತಂತಿಯಾದ ಫೇಸಿಗೂ ಅರ್ಥಿಗೂ ನಡುವೆ ಹೆಚ್ಚುಕಡಿಮೆ 230 ವೋಲ್ಟ್, ಕರೆಂಟು ಮರಳುವ ತಂತಿಯಾದ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಎರಡು ಮೂರು ವೋಲ್ಟ್ ಬಂದರೆ ಸಮಾಧಾನ. ಆದರೆ ವೋಲ್ಟ್ ಅಳೆಯುವ ಮೀಟರು ದುರ್ಬಲ ಅರ್ಥಿಗೂ ಸರಿಯಾದ ಅಂಕಿಯನ್ನೇ ತೋರಿಸಬಹುದು. ಹಳೆಯ ಕೆಲಸಗಾರರು ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟ್ ಬಲ್ಬು ಹಿಡಿದು ನೋಡುತ್ತಾರೆ. ಅದು ಪೂರ್ತಿ ಪ್ರಕಾಶದಲ್ಲಿ ಉರಿದರೆ ಅರ್ಥಿಂಗ್‌ಗೆ ಬಲವಿದೆ ಎಂಬುದು ಅವರ ಲೆಕ್ಕ. ಒಂದು ವಿಷಯದಲ್ಲಿ ಮಾತ್ರ ನಿಷ್ಠುರವಾಗಿರಿ. ಅರ್ಥಿಂಗಿಗೆ ಗುಂಡಿ ತೋಡುವ ಶ್ರಮ ತಪ್ಪಿಸಲು ಸಾಕೆಟ್ಟಿನ ಒಳಗೇ ನ್ಯೂಟ್ರಲ್ಲನ್ನು ಅರ್ಥ್ ಪಿನ್ನಿಗೆ ಜೋಡಿಸಿ ಹೋಗುವವರಿದ್ದಾರೆ. ಮುಂದೆಂದಾದರೂ ನ್ಯೂಟ್ರಲ್ ತಂತಿ ಕಡಿದುಹೋದರೆ ಕಂಪ್ಯೂಟರಿನ ಇಡೀ ಮೈಯಲ್ಲಿ ಕರೆಂಟು ಹರಿಯುತ್ತದೆ. ಇದು ಜೀವ ತೆಗೆಯುವ ಕೆಲಸ. ಹಿತ್ತಿಲಲ್ಲಿ ಗುಂಡಿ ತೋಡಿ, ಕೊಳವೆ ನಿಲ್ಲಿಸಿ, ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿಸಿ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅದಕ್ಕೆ ಕೊಡ ನೀರು ಹಾಕಿ. ಮಲ್ಲಿಗೆ ಗಿಡದ ಪಕ್ಕದಲ್ಲೇ ಮಾಡಿಸಿದರೆ ನೀರು ಹಾಕುವುದು ಮರೆಯುವುದಿಲ್ಲ. ನಮ್ಮ ಮನೆಯಲ್ಲಿ ಹಾಗೆಯೇ ಇದೆ.

ಸಿಡಿಲಿಗೆ ಅರ್ಥಿಂಗ್ ಒಂದೇ ಸಾಲದು. ಆಷಾಢದ ಜಡಿಮಳೆಯಲ್ಲಿ ಗುಡುಗು ಕಡಿಮೆ; ಭರಣಿ, ಕೃತ್ತಿಕಾ ಮಳೆಗಳಲ್ಲಿ, ಮತ್ತೆ ಹಿಂಗಾರಿನ ಚಿತ್ತಾ, ಸ್ವಾತಿಯಲ್ಲಿ ಮೈಯೆಲ್ಲ ಕಿವಿಯಾಗಿರಬೇಕು. ಹಿಂದೊಮ್ಮೆ ಚಿತ್ತಾ ಮಳೆಯ ಸಂಜೆ ಕಂಪ್ಯೂಟರಿನ ಪ್ಲಗ್ ಕಿತ್ತು ನಿಶ್ಚಿಂತೆಯಿಂದ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಮೋಡೆಮ್ ಕರಕಲಾಗಿತ್ತು, ಮದರ್‌ಬೋರ್ಡ್ ಸತ್ತಿತ್ತು. ಸಿಡಿಲು ಬಂದದ್ದು ಟೆಲಿಫೋನಿನ ತಾಮ್ರದ ತಂತಿಯಲ್ಲಿ. ಅಲ್ಲಿಂದ ಮೋಡೆಮ್‌ಗೆ, ಮೋಡೆಮ್‌ನಿಂದ ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿಗೆ. ಹಾರ್ಡ್ ಡಿಸ್ಕ್ ಬದುಕಿದ್ದರಿಂದ ಅರ್ಧ ಮುಗಿದಿದ್ದ ಪುಸ್ತಕ ಉಳಿಯಿತು. ಈಗ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಆದರೂ ರೂಟರಿನ ಅಡಾಪ್ಟರ್ ಕರೆಂಟಿನ ತಂತಿಯಲ್ಲೇ ಇದೆ, ಲ್ಯಾನ್ ಕೇಬಲ್ ಇನ್ನೂ ತಾಮ್ರದ್ದೇ. ದೂರದಲ್ಲಿ ಗುಡುಗು ಕೇಳಿದಾಗಲೇ ಎರಡನ್ನೂ ಕಿತ್ತಿಡಿ. ತಲೆಯ ಮೇಲೆ ಮಿಂಚುತ್ತಿರುವಾಗ ಕೀಳಲು ಹೋಗಬೇಡಿ. ಕರೆಂಟಿನ ಹಠಾತ್ ಏರಿಕೆ ತಡೆಯುವ ಸ್ಪೈಕ್ ಗಾರ್ಡ್ ಇದೆಯಲ್ಲ ಎಂದು ಸುಮ್ಮನಿರಬೇಡಿ. ಅದರೊಳಗಿನ ಬಿಲ್ಲೆಯಂಥ ಭಾಗ ಪ್ರತಿ ಹೊಡೆತಕ್ಕೂ ಸವೆಯುತ್ತದೆ. ಅದು ಸವೆದ ಮೇಲೂ ಕೆಂಪು ದೀಪ ಉರಿಯುತ್ತಲೇ ಇರಬಹುದು.

ಇನ್ನು ಥಂಡಿ. ಪುನರ್ವಸು, ಪುಷ್ಯ ಮಳೆಗಳಲ್ಲಿ ವಾರಗಟ್ಟಲೆ ಬಿಸಿಲಿರುವುದಿಲ್ಲ. ಹಪ್ಪಳ ಮೆತ್ತಗಾಗುತ್ತದೆ, ಪುಸ್ತಕದ ರಟ್ಟಿಗೆ ಬೂಸರು ಹಿಡಿಯುತ್ತದೆ, ಗೋಡೆ ಬೆವರುತ್ತದೆ. ಈ ದಿನಗಳಲ್ಲಿ ಕಂಪ್ಯೂಟರನ್ನು ಬಟ್ಟೆ ಹೊದಿಸಿ ಜೋಪಾನವಾಗಿ ಮುಚ್ಚಿಡುವುದೇ ತಪ್ಪು. ನಡೆಯುವ ಯಂತ್ರ ತನ್ನ ಬಿಸಿಗೆ ತಾನೇ ಒಣಗುತ್ತದೆ. ಸುಮ್ಮನೆ ಕೂತದ್ದು ತುಕ್ಕು ಹಿಡಿಯುತ್ತದೆ. ಕೆಲಸವಿಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ನಡೆಸಿ. ಮೇಜನ್ನು ಹೊರಗೋಡೆಗೆ ಒತ್ತಿ ಇಡದೆ ಒಂದು ಗೇಣು ಬಿಡಿ. ಪ್ಲಾಸ್ಟಿಕ್ ಹೊದಿಕೆಯಂತೂ ಬೇಡವೇ ಬೇಡ, ತೇವವನ್ನು ಅದು ಒಳಗೇ ಹಿಡಿದಿಡುತ್ತದೆ. ಮಳೆ ಹಿಡಿದ ಕೂಡಲೇ ಇರುವೆಗಳು ಮೊಟ್ಟೆ ಹೊತ್ತು ಬೆಚ್ಚಗಿನ, ಒಣ ಜಾಗ ಹುಡುಕುತ್ತವೆ. ಅವುಗಳಿಗೆ ಸಾಕೆಟ್ಟು, ಯುಪಿಎಸ್‌ಗಿಂತ ಒಳ್ಳೆಯ ಮನೆ ಸಿಗುವುದಿಲ್ಲ. ಸ್ವಿಚ್ ಹಾಕುವ ಮೊದಲು ಒಮ್ಮೆ ಕಣ್ಣಾಡಿಸಿ.

ಯುಪಿಎಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಮಾನ್ಯವಾಗಿ ಸಿಗುವ 600 ವಿಎ ಪೆಟ್ಟಿಗೆ ಸುಮಾರು 360 ವ್ಯಾಟ್ ಹೊರುತ್ತದೆ. ಅದಿರುವುದು ಕಡತ ಉಳಿಸಿ ಮುಚ್ಚುವ ಹತ್ತು ನಿಮಿಷಕ್ಕೆ. ಅರ್ಧ ದಿನ ಕರೆಂಟು ಹೋಗುವ ಊರಿಗೆ ಇನ್ವರ್ಟರ್ ಬೇಕು. ಯುಪಿಎಸ್ ಒಳಗಿನ ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ, ಬಿಸಿಯಾಗುವಾಗ ಅದು ಒಮ್ಮೆಲೇ ತುಂಬಾ ಕರೆಂಟು ಎಳೆಯುತ್ತದೆ.

ಕಿಟಕಿ ಪಕ್ಕಕ್ಕಿರಲಿ, ಎದುರಿಗೂ ಬೆನ್ನಿಗೂ ಬೇಡ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ. ಊಟದ ಮೇಜು ಎಷ್ಟೋ ಜನರಿಗೆ ಎತ್ತರವಾಗುತ್ತದೆ. ಕುರ್ಚಿ ಏರಿಸಿ ಕಾಲಡಿಗೆ ಒಂದು ಮಣೆ ಇಟ್ಟುಕೊಂಡರೆ ಮಣಿಕಟ್ಟಿನ ನೋವು ಕಡಿಮೆಯಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ದೂರ ನೋಡಿ ಎಂದು ಕಣ್ಣಿನ ವೈದ್ಯರು ಹೇಳುತ್ತಾರೆ. ನನಗೆ ಕಿಟಕಿಯಾಚೆ ಅಡಿಕೆ ಮರಗಳ ತುದಿಗಳಿವೆ, ಬೇರೆ ಏನೂ ಬೇಕಾಗಿಲ್ಲ.

ಅಡುಗೆಮನೆಯ ಒಗ್ಗರಣೆ ಹೊಗೆ, ದೇವರ ಮುಂದಿನ ಊದುಬತ್ತಿ ಹೊಗೆ ತಾಗುವ ಕಡೆ ಯಂತ್ರ ಇಟ್ಟರೆ ದೂಳು ಜಿಗುಟಾಗಿ ಫ್ಯಾನಿಗೆ ಅಂಟುತ್ತದೆ. ವರ್ಷಕ್ಕೆರಡು ಬಾರಿ ಪ್ಲಗ್ ಕಿತ್ತು, ಮೆತ್ತನೆಯ ಬಣ್ಣದ ಕುಂಚದಿಂದ ದೂಳು ತೆಗೆಯಿರಿ. ಗಾಳಿ ಊದುವುದಾದರೆ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಕಂಪ್ಯೂಟರಿನ ದಿನಾಂಕ ಇದ್ದಕ್ಕಿದ್ದಂತೆ ಹಳೆಯ ವರ್ಷಕ್ಕೆ ಹೋಗಿ ಯಾವ ಜಾಲತಾಣವೂ ತೆರೆಯದಿದ್ದರೆ ಗಾಬರಿ ಬೇಡ. ಬೋರ್ಡಿನ ಮೇಲಿನ ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿ ಮುಗಿದಿರುತ್ತದೆ, ಹೊಸದು ಹಾಕಿ.

ಕೆಲಸದ ಕಡತಗಳು ಮೂರು ಕಡೆ ಇರಲಿ, ಅದರಲ್ಲಿ ಒಂದು ಮನೆಯ ಹೊರಗೆ. ನನ್ನ ಒಂದು ಡಿಸ್ಕ್ ಪೇಟೆಯಲ್ಲಿರುವ ಅಕ್ಕನ ಮನೆಯ ಬೀರುವಿನಲ್ಲಿದೆ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಕಡತಗಳಿದ್ದರೆ ಈಗಿನ ಎಲ್ಲ ಕಂಪ್ಯೂಟರುಗಳೂ ಓದುವ ಯುನಿಕೋಡ್‌ಗೆ ಈಗಲೇ ಪರಿವರ್ತಿಸಿಡಿ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ.

ಇಷ್ಟಾದ ಮೇಲೆ ಕಂಪ್ಯೂಟರ್. ಹಳೆಯದೊಂದು ಇದ್ದರೆ ಅದರ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ ನೋಡಿ, ಹೊಸದರ ಆಸೆಯೇ ಹೋಗಬಹುದು. ಕೊಳ್ಳಲೇಬೇಕಾದರೆ ಬರವಣಿಗೆಗೆ 8 ಜಿಬಿ, ಪುಟವಿನ್ಯಾಸಕ್ಕೆ 16 ಜಿಬಿ ರ್‍ಯಾಮ್ ಸಾಕು. ಯಾವ ಕಂಪನಿಯದು ಎಂಬುದಕ್ಕಿಂತ ನಿಮ್ಮ ತಾಲ್ಲೂಕಿನಲ್ಲಿ ಅದನ್ನು ಬಿಚ್ಚಿ ರಿಪೇರಿ ಮಾಡುವವರು ಇದ್ದಾರೆಯೇ ಎಂದು ವಿಚಾರಿಸಿ.

ಈ ಪ್ರಶ್ನೆಯನ್ನು ಕೊನೆಯದಾಗಿ ಕೇಳಿದ್ದು ಪಕ್ಕದೂರಿನ ಒಬ್ಬ ಹುಡುಗಿ, ಅನುವಾದದ ಕೆಲಸ ಹಿಡಿದಿದ್ದಾಳೆ. ನಿನ್ನೆ ಫೋನು ಮಾಡಿ, ಹಿತ್ತಿಲಲ್ಲಿ ಗುಂಡಿ ತೋಡಿಯಾಯಿತು, ಇದ್ದಿಲು ಎಷ್ಟು ಚೀಲ ಬೇಕು ಎಂದು ಕೇಳಿದಳು.